ದೂರದ ಓಟ ಮತ್ತು ಕಿತ್ತೂರು ಸೀಮೆಯ ದಾರಿಗಳು

ಪ್ರವಾಸಿ ತಾಣವೆಂದರೆ ನೋಡಿ ಬರುವ ಜಾಗ ಎಂಬುದು ಹಳೆಯ ಮಾತು. ಈಗ ಅದು ಓಡಿ ಬರುವ ಜಾಗವೂ ಆಗಿದೆ. ಹಂಪಿಯ ಬಂಡೆಗಳ ನಡುವೆ, ಶ್ರೀರಂಗಪಟ್ಟಣದ ಕಾಲುವೆ ದಂಡೆಯ ಮೇಲೆ, ಕೊಡಗಿನ ಕಾಫಿ ತೋಟಗಳ ಮಗ್ಗುಲಲ್ಲಿ ದೂರದ ಓಟದ ಸ್ಪರ್ಧೆಗಳು ನಡೆಯುತ್ತಿವೆ. ನಗರದ ಉದ್ಯೋಗಸ್ಥರು ಎರಡು ದಿನದ ರಜೆ ಹಾಕಿ, ಹೆಂಡತಿ ಮಕ್ಕಳೊಂದಿಗೆ ಬಂದು, ಬೆಳಗಿನ ಜಾವ ಓಡಿ, ಮಧ್ಯಾಹ್ನ ಗುಡಿ ಗೋಪುರ ನೋಡಿಕೊಂಡು ಮರಳುತ್ತಾರೆ.

ಈ ಪದ್ಧತಿ ಹೊರದೇಶಗಳಲ್ಲಿ ಬೇರೂರಿ ದಶಕಗಳೇ ಕಳೆದಿವೆ. ಹವಾಯಿ ದ್ವೀಪದ ಹೊನೊಲುಲುವಿನಲ್ಲಿ 1973ರಲ್ಲಿ ಆರಂಭವಾದ ಮ್ಯಾರಥಾನ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಇಷ್ಟು ಗಂಟೆಯೊಳಗೆ ಮುಗಿಸಲೇಬೇಕು ಎಂಬ ಕಟ್ಟುನಿಟ್ಟಿಲ್ಲ. ನಡೆದುಕೊಂಡಾದರೂ ಗುರಿ ಮುಟ್ಟಬಹುದು. ಹೀಗಾಗಿ ಜಪಾನಿನಿಂದಲೇ ಸಾವಿರಾರು ಮಂದಿ ವಿಮಾನ ಹತ್ತಿ ಬರುತ್ತಾರೆ. ಫ್ರಾನ್ಸಿನ ಮೆಡೋಕ್ ಪ್ರಾಂತ್ಯದಲ್ಲಿ 1980ರ ದಶಕದಿಂದ ದ್ರಾಕ್ಷಿ ತೋಟಗಳ ನಡುವೆ ಓಟ ನಡೆಯುತ್ತಿದ್ದು, ಅದು ಓಟಕ್ಕಿಂತ ಹೆಚ್ಚಾಗಿ ಜಾತ್ರೆಯೇ ಆಗಿದೆ.

ಹಾಗಾದರೆ ದೂರದ ಓಟ ಎಂಬುದು ಬಿಡುವಿದ್ದವರ ವಿನೋದವೇ? ಅಲ್ಲ. ಅದರ ಚರಿತ್ರೆಯನ್ನು ಕೆದಕಿದರೆ ಸಿಗುವವರು ನೀರು ಹೊರುವವರು, ಟಪಾಲು ಒಯ್ಯುವವರು, ಹೊಲ ಉಳುವವರು. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಬೆಳಗಾವಿ ಜಿಲ್ಲೆಗೇ ಸೇರಿದ್ದು ಎಂಬುದು ಬಹಳ ಮಂದಿಗೆ ತಿಳಿಯದು.

ಮ್ಯಾರಥಾನ್ ಎಂಬ ಹೆಸರೇ ಒಂದು ಯುದ್ಧದ ನೆನಪು. ಕ್ರಿ. ಪೂ. 490ರಲ್ಲಿ ಪರ್ಷಿಯನ್ನರ ವಿರುದ್ಧ ಗೆದ್ದ ಸುದ್ದಿಯನ್ನು ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಓಡಿ ಮುಟ್ಟಿಸಿದ ದೂತ ಅಲ್ಲೇ ಪ್ರಾಣ ಬಿಟ್ಟ ಎಂಬುದು ಐತಿಹ್ಯ. ಯುದ್ಧದ ಕಾಲಕ್ಕೆ ಹತ್ತಿರದವನಾದ ಇತಿಹಾಸಕಾರ ಹೆರೊಡೋಟಸ್ ಈ ಕಥೆ ಹೇಳುವುದಿಲ್ಲ. ಅವನು ಹೇಳುವುದು ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದವನ ಸಂಗತಿ. ಐತಿಹ್ಯ ಏನೇ ಇರಲಿ, 1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗ ಆ ನೆನಪಿಗಾಗಿಯೇ ಈ ಓಟವನ್ನು ಸೇರಿಸಲಾಯಿತು. ಗೆದ್ದವನು ನೀರು ಹೊತ್ತು ಬದುಕುತ್ತಿದ್ದ ಸ್ಪಿರಿಡಾನ್ ಲೂಯಿಸ್. ಈಗ ರೂಢಿಯಲ್ಲಿರುವ 42.195 ಕಿ. ಮೀ. ದೂರ ಮೊದಲು ಬಳಕೆಗೆ ಬಂದದ್ದು 1908ರ ಲಂಡನ್ ಕ್ರೀಡಾಕೂಟದಲ್ಲಿ.

ಕಿತ್ತೂರಿಗೂ ಇಂಥದೊಂದು ಗೆಲುವಿನ ದಿನವಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹತನಾದ. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿ. ಮೀ. ತಂತಿ, ರೈಲು ಯಾವುದೂ ಇಲ್ಲದ ಆ ಕಾಲದಲ್ಲಿ ಸುದ್ದಿ ಹೋಗಬೇಕಾದರೆ ಕುದುರೆಯ ಕಾಲಾಗಬೇಕು, ಇಲ್ಲವೆ ಮನುಷ್ಯನ ಕಾಲಾಗಬೇಕು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿ ಇಂದಿಗೂ ಆ ಊರಿನಲ್ಲಿದೆ.

ಅನಂತರ ಸಂಗೊಳ್ಳಿ ರಾಯಣ್ಣ ನಡೆಸಿದ ಹೋರಾಟವಂತೂ ಕಾಲಿನ ಬಲದ ಮೇಲೆಯೇ ನಿಂತಿತ್ತು. ಈ ಹೊತ್ತು ಒಂದು ಊರಿನ ಕಚೇರಿಯ ಕಾಗದಪತ್ರ ಸುಟ್ಟು, ಬೆಳಗಾಗುವುದರೊಳಗೆ ಬೇರೊಂದು ಕಾಡಿನಲ್ಲಿ ಮರೆಯಾಗುವ ಯುದ್ಧ ಅದು. ದಾರಿ ಬಲ್ಲವರು, ದಣಿವರಿಯದವರು ಇಲ್ಲದೆ ಅಂಥ ಯುದ್ಧ ನಡೆಯದು. 1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಂದು ನಂದಗಡದ ಅವನ ಸಮಾಧಿಯಿಂದ ಜ್ಯೋತಿಯನ್ನು ತಮ್ಮ ಊರಿಗೆ ಒಯ್ಯುವ ತರುಣರಿದ್ದಾರೆ. ಕಿತ್ತೂರು ಉತ್ಸವದ ಮುನ್ನ ವಿಜಯ ಜ್ಯೋತಿ ಊರೂರು ಸುತ್ತಿ ಬರುತ್ತದೆ. ಯುದ್ಧದ ಸುದ್ದಿ ಸಾಗಿದ ದಾರಿಯಲ್ಲಿ ಈಗ ಯುದ್ಧದ ನೆನಪು ಸಾಗುತ್ತಿದೆ.

ಯುದ್ಧವಿಲ್ಲದ ಕಾಲದಲ್ಲೂ ಓಡುವವರಿದ್ದರು. ಟಪಾಲಿನ ಚೀಲವನ್ನು ಕೋಲಿಗೆ ಕಟ್ಟಿ, ಗೆಜ್ಜೆ ಕುಣಿಸುತ್ತ, ಕೆಲವು ಮೈಲಿ ಓಡಿ ಮುಂದಿನವನ ಕೈಗೆ ಒಪ್ಪಿಸುವುದು ಅವರ ಕೆಲಸ. ಇಂದಿನ ರಿಲೇ ಓಟದ ಕ್ರಮವೇ ಇದು. ಆದರೆ ಅವರಿಗೆ ಪದಕವಿಲ್ಲ, ಪಗಾರ ಮಾತ್ರ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ಬ್ರಿಟಿಷರ ಕಾಲದಲ್ಲಿ ರೈಲು ಬರಲೇ ಇಲ್ಲ. ಧಾರವಾಡದಿಂದ ಕಿತ್ತೂರಿನ ಮೂಲಕ ಬೆಳಗಾವಿಗೆ ನೇರ ಮಾರ್ಗ ಮಂಜೂರಾದದ್ದು ತೀರ ಈಚೆಗೆ. ಆದ್ದರಿಂದ ಈ ಸೀಮೆಯ ಚರಿತ್ರೆಯೆಲ್ಲ ಬಹುಮಟ್ಟಿಗೆ ಚಕ್ಕಡಿಯ ಮತ್ತು ಕಾಲ್ನಡಿಗೆಯ ಚರಿತ್ರೆ.

ಇಂಥ ನೆಲದಿಂದ ಬಂದವನು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಗುರಿ ಮುಟ್ಟಿದ ಮೊದಲ ಭಾರತೀಯ ಈ ಬೆಳಗಾವಿ ಜಿಲ್ಲೆಯವನು.

ಅವನು ಅಲ್ಲಿಗೆ ಹೋದ ಬಗೆಯೂ ಸ್ವಾರಸ್ಯಕರ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಕ್ರೀಡಾಕೂಟ ಏರ್ಪಡಿಸಿತ್ತು. ಅದರ ಅಧ್ಯಕ್ಷರು ಉದ್ಯಮಿ ಸರ್ ದೊರಾಬ್ಜಿ ಟಾಟಾ. ಸ್ಪರ್ಧಿಗಳಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಹುಡುಗರು. ಯುರೋಪಿನ ಕ್ರೀಡಾ ನಿಯಮಗಳ ಪರಿಚಯ ಅವರಿಗಿರಲಿಲ್ಲ. ಬರಿಗಾಲಿನಲ್ಲಿ ಗಟ್ಟಿ ರಸ್ತೆಯ ಮೇಲೆ ಓಡಿದರು. ಆದರೂ ಅವರು ತೆಗೆದುಕೊಂಡ ಸಮಯ ನೋಡಿದ ಟಾಟಾ ಅವರಿಗೆ, ಇವರು ಹೊರದೇಶದ ಓಟಗಾರರಿಗೆ ತೀರ ಹಿಂದೆ ಬಿದ್ದವರಲ್ಲ ಎನ್ನಿಸಿತು. ಮುಂಬಯಿಯ ಗವರ್ನರರ ಬೆಂಬಲ ಪಡೆದು, ತಮ್ಮ ಹಣವನ್ನೂ ಹಾಕಿ, ಅವರು 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಪುಟ್ಟ ತಂಡವೊಂದನ್ನು ಕಳುಹಿಸಿದರು. ಭಾರತದ ತಂಡವೊಂದು ಒಲಿಂಪಿಕ್ಸಿಗೆ ಹೋದದ್ದು ಅದೇ ಮೊದಲು. ಚೌಗುಲೆಯೊಂದಿಗೆ ಸದಾಶಿವ ದಾತಾರ್ ಎಂಬ ಓಟಗಾರನೂ ಮ್ಯಾರಥಾನಿನಲ್ಲಿ ಪಾಲ್ಗೊಂಡ. ಅವನಿಗೆ ಓಟ ಪೂರೈಸಲಾಗಲಿಲ್ಲ.

1920ರ ಆಗಸ್ಟ್ 22ರಂದು ನಡೆದ ಆ ಓಟದ ದೂರ 42.75 ಕಿ. ಮೀ. ಒಲಿಂಪಿಕ್ಸ್ ಮ್ಯಾರಥಾನುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಫಿನ್ಲೆಂಡಿನ ಹಾನ್ನೆಸ್ ಕೊಲೆಮಾಯ್ನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಹತ್ತೊಂಬತ್ತನೆಯವನಾಗಿ ಬಂದ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ನಾಲ್ಕು ನಿಮಿಷದಂತೆ ಉದ್ದಕ್ಕೂ ಓಡಿದಂತಾಯಿತು. ಇಂದಿನ ಹವ್ಯಾಸಿ ಓಟಗಾರರು ಒಳ್ಳೆಯ ಶೂ, ಗಡಿಯಾರ, ತರಬೇತುದಾರ ಎಲ್ಲ ಇಟ್ಟುಕೊಂಡು ಮೂರು ಗಂಟೆಯ ಒಳಗೆ ಮುಗಿಸಿದರೆ ಅದನ್ನು ದೊಡ್ಡ ಸಾಧನೆಯೆಂದು ಹೇಳಿಕೊಳ್ಳುತ್ತಾರೆ. ನೂರು ವರ್ಷದ ಹಿಂದೆ, ಅರಿಯದ ದೇಶದಲ್ಲಿ, ಅರಿಯದ ಹವೆಯಲ್ಲಿ, ಇನ್ನೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರವನ್ನು ಈತ ಅಷ್ಟು ಹೊತ್ತಿನಲ್ಲಿ ಓಡಿದ್ದ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು.

ಹತ್ತೊಂಬತ್ತನೆಯ ಸ್ಥಾನ ಪದಕ ತರುವುದಿಲ್ಲ. ಪದಕವಿಲ್ಲದವರ ಹೆಸರು ಪಠ್ಯಪುಸ್ತಕ ಸೇರುವುದೂ ಅಪರೂಪ. ಅರ್ಧ ಶತಮಾನದ ಮೇಲೆ ಬಿಹಾರದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಹನ್ನೊಂದನೆಯವನಾದ. ಅವನೂ ಬರಿಗಾಲ ಓಟಕ್ಕೆ ಹೆಸರಾದವನು. 1978ರಲ್ಲಿ ಜಲಂಧರಿನಲ್ಲಿ ಅವನು 2 ಗಂಟೆ 12 ನಿಮಿಷದಲ್ಲಿ ಓಡಿ ಬರೆದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕ ದಾಟಿದರೂ ಯಾರಿಂದಲೂ ಅಳಿಸಲಾಗಲಿಲ್ಲ. ಹಳ್ಳಿಯ ಕಾಲುಗಳಲ್ಲಿ ಕಸುವಿಲ್ಲದ್ದರಿಂದ ಹೀಗಾಯಿತೆ? ಆ ಕಾಲುಗಳನ್ನು ಹುಡುಕಿ ಹೋಗುವ ಟಾಟಾ ಅವರಂಥ ಕಣ್ಣುಗಳು ಕಡಿಮೆಯಾದದ್ದೇ ಕಾರಣ ಎನ್ನಬೇಕಾಗುತ್ತದೆ.

ಪ್ರವಾಸಿ ತಾಣದ ಓಟಗಳ ಪ್ರಶ್ನೆ ಏಳುವುದು ಇಲ್ಲಿ. ಈ ನಾಲ್ಕು ಊರುಗಳ ಸೀಮೆ ಓಟಕ್ಕೆ ಹೇಳಿ ಮಾಡಿಸಿದಂತಿದೆ. ಕಿತ್ತೂರು ಮಲೆನಾಡಿನ ಸೆರಗು. ಮಳೆ ಹೆಚ್ಚು, ಹಸಿರು ಹೆಚ್ಚು. ಅಲ್ಲಿಂದ ಬೈಲಹೊಂಗಲಕ್ಕೆ, ಮುಂದೆ ಸವದತ್ತಿಗೆ ಬಂದರೆ ಕಣ್ಣು ಹಾಯುವಷ್ಟೂ ಎರೆ ಹೊಲ. ನಡುವೆ ಸೊಗಲದ ಜಲಪಾತ, ಮಲಪ್ರಭೆಗೆ ಅಡ್ಡ ನಿಂತ ನವಿಲುತೀರ್ಥದ ಅಣೆಕಟ್ಟು, ಪರಸಗಡದ ಕೋಟೆ. ಯಲ್ಲಮ್ಮನ ಗುಡ್ಡಕ್ಕಂತೂ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗಡಿಯಾಚೆಯಿಂದಲೂ ಜನ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಬರುತ್ತಾರೆ. ರಾಮದುರ್ಗದ ಕಡೆ ಸುರೇಬಾನದ ಶಬರಿಕೊಳ್ಳವಿದೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಹೊತ್ತಿಗೆ, ಕಿತ್ತೂರು ಉತ್ಸವದ ದಿನಗಳಲ್ಲಿಯೇ ಇಲ್ಲಿ ದೂರದ ಓಟಕ್ಕೆ ಹದವಾದ ಹವೆ. ಏಪ್ರಿಲ್, ಮೇ ತಿಂಗಳುಗಳಲ್ಲಾದರೆ ಸವದತ್ತಿ, ರಾಮದುರ್ಗದ ಬಯಲಿನಲ್ಲಿ ನೆರಳಿಲ್ಲದೆ ಓಡುವುದು ಅಪಾಯವೇ ಸರಿ.

ಓಟ ಎಂಬುದು ಇಲ್ಲಿಯ ಜನಕ್ಕೆ ಹೊಸತೂ ಅಲ್ಲ. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಜಾತ್ರೆಗಳಲ್ಲಿ ಕುಸ್ತಿ, ತೆರಬಂಡಿ, ಕಲ್ಲು ಎತ್ತುವ ಪಂದ್ಯಗಳ ಜೊತೆಗೆ ಓಟದ ಪಂದ್ಯವನ್ನೂ ಇಡುತ್ತಾರೆ. ಗೆದ್ದವನಿಗೆ ಊರ ಹಿರಿಯರ ಕೈಯಿಂದ ಬಹುಮಾನ. ಈ ಪಂದ್ಯಗಳಿಗೆ ಊರೇ ಒಡೆಯ.

ಪ್ರವಾಸಿಗಳಿಗಾಗಿ ನಡೆಯುವ ಓಟದಲ್ಲಿ ಈ ಒಡೆತನ ಬದಲಾಗುತ್ತದೆ. ಪ್ರವೇಶ ಶುಲ್ಕವೇ ಕೂಲಿಕಾರನ ಹಲವು ದಿನದ ದುಡಿಮೆಗೆ ಸಮವಾದರೆ, ಆ ಊರಿನ ಹುಡುಗ ಓಟಗಾರನಾಗುವ ಬದಲು ರಸ್ತೆಯ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುವವನಾಗುತ್ತಾನೆ, ಇಲ್ಲವೆ ನೀರಿನ ಬಾಟಲಿ ಹಂಚುವವನಾಗುತ್ತಾನೆ. ಓಟದಿಂದ ಊರಿನ ಖಾನಾವಳಿಗೆ, ವಸತಿಗೃಹಕ್ಕೆ ನಾಲ್ಕು ಕಾಸು ಬರುವುದು ನಿಜ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಚೌಗುಲೆಯ ಜಿಲ್ಲೆಯಲ್ಲಿ ಅಷ್ಟಕ್ಕೇ ತೃಪ್ತರಾದರೆ ಅದು ಚರಿತ್ರೆಗೆ ಬಗೆಯುವ ಅನ್ಯಾಯ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಚನ್ನಮ್ಮನ ಕೋಟೆಯಿಂದ ಆಕೆಯ ಸಮಾಧಿಯವರೆಗೆ, ಎಂದರೆ ಕಿತ್ತೂರಿನಿಂದ ಬೈಲಹೊಂಗಲದವರೆಗೆ ದಾರಿ ಇದ್ದೇ ಇದೆ. ಆ ದಾರಿಯಲ್ಲಿ ಓಡುವುದೆಂದರೆ ಐದು ವರ್ಷಗಳ ಚರಿತ್ರೆಯನ್ನು ಕಾಲಿನಿಂದ ಓದಿದಂತೆ. ಅಂಥ ಓಟಕ್ಕೆ ಸುತ್ತಲಿನ ಶಾಲೆ ಕಾಲೇಜುಗಳ ಹುಡುಗ ಹುಡುಗಿಯರಿಗೆ ಶುಲ್ಕವಿಲ್ಲದ ಪ್ರವೇಶ ಇರಲಿ. ಗೆದ್ದವರ ಮುಂದಿನ ತರಬೇತಿಯ ಹೊಣೆಯನ್ನು ಯಾರಾದರೂ ಹೊರಲಿ. ಬಹುಮಾನಕ್ಕೆ ಫಡೆಪ್ಪ ಚೌಗುಲೆಯ ಹೆಸರಿರಲಿ. ಹೊರಗಿನಿಂದ ಬಂದ ಪ್ರವಾಸಿಯೂ ಓಡಲಿ, ಅವನ ಮಗ್ಗುಲಲ್ಲಿ ಊರಿನ ಹುಡುಗನೂ ಓಡಲಿ. 1919ರಲ್ಲಿ ಪುಣೆಯ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದ ರೈತರ ಮಕ್ಕಳನ್ನು ಒಬ್ಬರು ಗಮನಿಸಿ ನೋಡಿದ್ದರಿಂದ ಭಾರತದ ಒಲಿಂಪಿಕ್ಸ್ ಚರಿತ್ರೆಗೆ ದಾರಿ ತೆರೆಯಿತು. ಹಾಗೆ ನೋಡುವವರು ಮತ್ತೆ ಬಂದರೆ, ನೋಡಲು ಈ ಸೀಮೆಯಲ್ಲಿ ಓಟಗಾರರಿಗೇನೂ ಬರವಿಲ್ಲ.