ಕಂಪನಿ ನಾಟಕದ ಪೇಟಿ ಮತ್ತು ಸೂಕ್ಷ್ಮ ಕಿವಿ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಳಕಲ್, ಹುನಗುಂದ ಸೀಮೆಯ ಜನ ರಾತ್ರಿಯಿಡೀ ಕೂತು ನೋಡುತ್ತಿದ್ದ ಕಂಪನಿ ನಾಟಕಗಳಲ್ಲಿ, ಧ್ವನಿವರ್ಧಕ ಬರುವ ಮೊದಲು, ರಂಗಗೀತೆಯನ್ನು ಕಟ್ಟಕಡೆಯ ಸಾಲಿಗೆ ಮುಟ್ಟಿಸುತ್ತಿದ್ದುದು ನಟರ ಏರುಕಂಠ ಹಾಗೂ ಕಾಲಿನಿಂದ ತಿದಿಯೊತ್ತಿ ಎರಡೂ ಕೈಗಳಿಂದ ನುಡಿಸುವ ಪೇಟಿ, ಎಂದರೆ ಲೆಗ್ ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ, ಪಿಯಾನೋದಲ್ಲಿರುವಂತೆಯೇ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ, ತಂಬೂರಿಯ ಸಹಜ ಗಾಂಧಾರಕ್ಕೆ ಒಗ್ಗಿದ ಸೂಕ್ಷ್ಮ ಕಿವಿಗೆ ಅದರ ಗಾಂಧಾರ ತುಸು ಏರಿ ಚುಚ್ಚುತ್ತದೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಅದರಲ್ಲಿ ಸಾಧ್ಯವೇ ಇಲ್ಲ. ಇಂಥ ಆಕ್ಷೇಪಗಳ ಬಲದಿಂದ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ, 1971ರಲ್ಲಷ್ಟೇ ಭಾಗಶಃ ಸಡಿಲಿಸಿತು. ಕಿವಿಯ ದೂರು ನಿಜವಾದರೂ ಶಿಕ್ಷೆ ಅತಿಯಾಯಿತು: ಶ್ರುತಿಶುದ್ಧಿಗೆ ಹೆಸರಾದ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹಾಡತೊಡಗಿದ್ದು ಇಂಥ ಪೇಟಿಯ ಲೋಕದಲ್ಲೇ, ವಾಮನರಾವ್ ಮಾಸ್ತರರ ನಾಟಕ ಕಂಪನಿಯ ಬಾಲನಟರಾಗಿ.