ಶರೀಫಜ್ಜನ ಪದಕ್ಕೆ ಗಿಟಾರೇ?



ಕಳೆದ ಹಬ್ಬದ ಸಂಜೆ ನಮ್ಮ ಯುವಕರು ಗಿಟಾರ್, ಡ್ರಮ್ ಹಿಡಿದು ಶಿಶುನಾಳ ಶರೀಫರ ಗುಡುಗುಡಿಯ ಪದ ಹಾಡಿದರು. ಮುಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದೇಬಿಟ್ಟರು. "ಫಾದರ್, ಶರೀಫಜ್ಜನ ಪದಾನ ಹಿಂಗ ಕೆಡಸೂದೇನ್ರಿ? ಕ್ಯಾಸೆಟ್‌ನ್ಯಾಗ ಅಶ್ವಥ್ ಹಾಡ್ಯಾರಲ್ಲ, ಅದು ಖರೇ ಪದ." ನಮಗೆ ಆಗ ಉತ್ತರ ಹೊಳೆಯಲಿಲ್ಲ.

ಬಂಕಾಪುರವೂ ಶಿಶುವಿನಹಾಳವೂ ಒಂದೇ ಶಿಗ್ಗಾಂವಿ ತಾಲೂಕಿನ ಊರುಗಳು. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಮುಸಲ್ಮಾನರ ಮನೆಯ ಮಗ, ಕಳಸದ ಗೋವಿಂದಭಟ್ಟರ ಶಿಷ್ಯ. ಮೊಹರಂ ಹಬ್ಬಕ್ಕೆ ರಿವಾಯತ್ ಪದಗಳನ್ನೂ ಕಟ್ಟಿದರು. ಅವರ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದು ಬಂದವು. ಮೇಳದಲ್ಲಿ ಒಬ್ಬ ಹೇಳುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ದನಿ ಯಾರೊಬ್ಬರದೂ ಅಲ್ಲ.

ಹಾಗಾದರೆ ಆ ಹಿರಿಯರು ಹೇಳಿದ 'ಖರೇ ಪದ' ಯಾವಾಗಿನದು? ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಿತ್ರ ತೆರೆಕಂಡದ್ದು 1990ರಲ್ಲಿ. ಶರೀಫರಾಗಿ ಶ್ರೀಧರ್, ಗುರುವಾಗಿ ಗಿರೀಶ್ ಕಾರ್ನಾಡ್, ಸಂಗೀತ ಸಿ. ಅಶ್ವಥ್. ಅಶ್ವಥ್ ರಂಗಭೂಮಿಯಿಂದ ಬಂದವರು, ಅದು ಅವರ ದನಿಯಲ್ಲೇ ಗೊತ್ತಾಗುತ್ತದೆ. ಅವರು ಪದವನ್ನು ಬರೀ ಹಾಡುವುದಿಲ್ಲ, ಪಾತ್ರವಾಗಿ ನುಡಿಯುತ್ತಾರೆ. ಒಂದು ಮಾತಿಗೆ ತಡೆಯುತ್ತಾರೆ, ಇನ್ನೊಂದನ್ನು ಕೂಗಿ ಕರೆಯುತ್ತಾರೆ. ಮಾಳಿಗೆ ಸೋರುವ ಪದವನ್ನೇ ನೋಡಿ. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಸೋರುವುದೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಶ್ವಥ್ ಹಾಡುವಾಗ ಮಾತ್ರ ಆ ಮನೆಯ ಯಜಮಾನನೇ ಕತ್ತಲೆಯಲ್ಲಿ ನಿಂತು ದಿಕ್ಕುತೋಚದೆ ಕೂಗುತ್ತಿರುವಂತೆ ಕೇಳುತ್ತದೆ. ಸೋರುವ ಮನೆ ನಮ್ಮೊಳಗಿನದೇ ಎಂದು ಆಮೇಲೆ ಹೊಳೆಯುತ್ತದೆ. ಮೂವತ್ತು ವರ್ಷ ದಾಟಿದರೂ ಆ ಹಾಡುಗಳು ಹಳತಾಗದಿರುವುದು ಇದರಿಂದಲೇ ಎಂದು ನಮ್ಮ ಎಣಿಕೆ. ಕೆಲವೆಡೆ ಅವರು ಬೇಕಾದುದಕ್ಕಿಂತ ಜೋರಾಗಿಯೇ ಹಾಡುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇವೆ.

ನಮ್ಮ ಯುವಕರು ಕಲಿತದ್ದು ರಘು ದೀಕ್ಷಿತ್ ಅವರ 2008ರ ಧ್ವನಿಮುದ್ರಿಕೆಯಿಂದ. ಮೇಳದವರ ಕಿವಿಗೆ ಅಶ್ವಥ್ ಹೊಸಬರಾಗಿದ್ದಂತೆಯೇ ಆ ಹಿರಿಯರಿಗೆ ಇವರು ಹೊಸಬರು.

ಇಂಥದೇ ಜಗಳ ಕ್ರೈಸ್ತರ ಮನೆಯಲ್ಲೂ ನಡೆದಿದೆ. 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' 1970ರಲ್ಲಿ ಮೊದಲು ಧ್ವನಿಮುದ್ರಿಕೆಯಾಗಿ ಬಂದು, ಮರುವರ್ಷ ನ್ಯೂಯಾರ್ಕಿನ ರಂಗವೇರಿತು. ಪ್ರಭುವಿನ ಯಾತನೆಗೆ ರಾಕ್ ಸಂಗೀತವೇ ಎಂದು ಭಕ್ತರು ರಂಗಮಂದಿರದ ಹೊರಗೆ ಪ್ರತಿಭಟಿಸಿದರು. ಪುನರುತ್ಥಾನಕ್ಕೆ ಮೊದಲೇ ಆ ಕಥೆ ನಿಂತುಬಿಡುತ್ತದೆ. ಆ ಕೊರತೆ ನಮಗೂ ಒಪ್ಪಿಗೆಯಿಲ್ಲ. ಆದರೂ ಯೂದನ ಬಾಯಿಂದ ಬರುವ ಪ್ರಶ್ನೆಗಳನ್ನು ಸೆಮಿನರಿಯ ದಿನಗಳಲ್ಲಿ ಕೇಳಿದ ಮೇಲೆ, ಪವಿತ್ರ ಗುರುವಾರದ ವಾಚನವನ್ನು ನಾವು ಮೊದಲಿನಂತೆ ಓದಲಾಗಲಿಲ್ಲ.

ಇಷ್ಟನ್ನೂ ಆ ಹಿರಿಯರಿಗೆ ಮರುವಾರ ಹೇಳಿದೆವು. ಅವರು ಸುಮ್ಮನೆ ಕೇಳಿ, ತಮ್ಮ ಅಪ್ಪ ಮೇಳದಲ್ಲಿ ಹೇಳುತ್ತಿದ್ದ ಧಾಟಿಯೊಂದನ್ನು ಮೆಲ್ಲಗೆ ಎತ್ತಿದರು. ಅದು ಕ್ಯಾಸೆಟ್‌ನ ಧಾಟಿಯಾಗಿರಲಿಲ್ಲ. ಪಕ್ಕದಲ್ಲಿದ್ದ ಹುಡುಗ ಗಿಟಾರ್ ತೆಗೆದು ಅವರ ಶ್ರುತಿ ಹುಡುಕತೊಡಗಿದ.