ಹೊಗೆಯಿಲ್ಲದ ಮದ್ದೂ ಬಂದೂಕಿನ ಅಗುಳಿಯೂ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಕೋವಿಯೆಂಬುದು ಯುದ್ಧದ ಆಯುಧವೆನ್ನುವುದಕ್ಕಿಂತ ಕೃಷಿಯ ಉಪಕರಣವೆಂದೇ ಹೇಳತಕ್ಕದ್ದು. ಅಡಕೆಯ ತೋಟಕ್ಕೆ ಮಂಗನೂ ಗದ್ದೆಗೆ ಹಂದಿಯೂ ನುಗ್ಗುವ ನಾಡಿನಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಿಗೆ ಪಡೆದು ಇಟ್ಟುಕೊಂಡ ಕೇಪಿನ ಕೋವಿಯು ಕತ್ತಿ ಗುದ್ದಲಿಗಳ ಸಾಲಿಗೆ ಸೇರಿದ್ದು. ಇದರ ಪ್ರಸ್ತಾಪವು ವಿದ್ವತ್ಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಬಹುದು. ‘ಕೋವಿ’, ‘ಮದ್ದು’ ಎಂಬ ಎರಡು ಶಬ್ದಗಳ ಅರ್ಥನಿರ್ಣಯವೇ ಇಲ್ಲಿಯ ಪ್ರಯೋಜನವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದ್ದೆಂಬ ವಸ್ತುವು ಮೂಲದಿಂದಲೇ ಬೇರೆಯಾಯಿತು. ಶಬ್ದವು ಮಾತ್ರ ಹಾಗೆಯೇ ಉಳಿಯಿತು. ಶಬ್ದವೊಂದೇ ಆದ್ದರಿಂದ ವಸ್ತುವೂ ಒಂದೇ ಎಂದು ತಿಳಿಯುವ ಭ್ರಮೆಯು ಗ್ರಂಥದಲ್ಲಿ ಅರ್ಥವನ್ನು ಕೆಡಿಸುತ್ತದೆ. ತೋಟದಲ್ಲಿ ಕೈಯನ್ನೇ ಕಳೆಯಬಹುದು.

ಹಳೆಯ ಮದ್ದು ಪೆಟ್ಲುಪ್ಪು, ಗಂಧಕ, ಇದ್ದಲುಗಳ ಮಿಶ್ರಣವು. ಶುಕ್ರನೀತಿಯಲ್ಲಿ ‘ಅಗ್ನಿಚೂರ್ಣ’ವೆಂಬ ಹೆಸರಿನಿಂದ ಐದು ಪಾಲು ಸುವರ್ಚಿ ಲವಣ, ಒಂದು ಪಾಲು ಗಂಧಕ, ಒಂದು ಪಾಲು ಇದ್ದಲು ಎಂಬ ಯೋಗವು ಹೇಳಲ್ಪಟ್ಟಿದೆ, ದೊಡ್ಡದು ಸಣ್ಣದೆಂದು ಎರಡು ಬಗೆಯ ನಾಲಿಕಾಯುಧಗಳೂ ಉಕ್ತವಾಗಿವೆ. ಆ ಗ್ರಂಥದ ಕಾಲದ ವಿಷಯವಾಗಿ, ವಿಶೇಷತಃ ಈ ಭಾಗವು ಅರ್ವಾಚೀನವೆಂಬ ವಿಷಯವಾಗಿ, ವಿದ್ವಾಂಸರಲ್ಲಿ ವಿವಾದವುಂಟಾದ್ದರಿಂದ ಅದನ್ನು ಪ್ರಾಚೀನತೆಗೆ ಪ್ರಮಾಣವಾಗಿ ಹಿಡಿಯದೆ, ದ್ರವ್ಯದ ಸ್ವರೂಪಕ್ಕೆ ಮಾತ್ರ ಸಾಕ್ಷಿಯಾಗಿ ಹಿಡಿಯತಕ್ಕದ್ದು. ಈ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗವು ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುವುದು. ಉಳಿದದ್ದಷ್ಟೇ ಅನಿಲವಾಗಿ ಗುಂಡನ್ನು ನೂಕುವುದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ಲ್ ಎಂಬ ರಸಾಯನಜ್ಞನು ಹತ್ತಿಯ ನಾರನ್ನು ನೈಟ್ರಿಕಾಮ್ಲದಿಂದ ಸಂಸ್ಕರಿಸಿ ಹೊಸ ಮದ್ದನ್ನು ಸಿದ್ಧಪಡಿಸಿದನು. 1889ರಲ್ಲಿ ಇಂಗ್ಲೆಂಡಿನ ಏಬೆಲ್, ಡ್ಯೂವರ್ ಎಂಬವರು ನೂರರಲ್ಲಿ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಗನ್‌ಕಾಟನ್, 5 ಪಾಲು ವ್ಯಾಸಲೀನ್ ಕೂಡಿಸಿ ‘ಕಾರ್ಡೈಟ್’ ಮಾಡಿದರು. ಇವುಗಳಲ್ಲಿ ಶೇಷವು ಅತ್ಯಲ್ಪ. ದ್ರವ್ಯವೆಲ್ಲವೂ ಬಹುಮಟ್ಟಿಗೆ ಅನಿಲವೇ ಆಗುವುದು. ಹೊಗೆ ಹೋಯಿತು, ಅದರೊಡನೆ ಒತ್ತಡವು ಬಹಳವಾಗಿ ಏರಿತು. ಆದುದರಿಂದ ಬಂದೂಕಿನ ಬಲವೆಲ್ಲಿದೆ ಎಂಬ ಪ್ರಶ್ನೆಯೂ ಹೊಸದಾಗಿ ಹುಟ್ಟಿತು.

ಕೇಪಿನ ಕೋವಿಯಲ್ಲಿ ಮದ್ದನ್ನು ಬಾಯಿಂದ ಹೊಯ್ದು, ಗಜದಿಂದ ಜಡಿದು, ಮೇಲೆ ಚರೆಯನ್ನಿಡುವರು. ನಳಿಗೆಯ ಹಿಂಬದಿ ತಿರುಪಿನಿಂದ ಶಾಶ್ವತವಾಗಿ ಮುಚ್ಚಿದ್ದು. ಅಲ್ಲಿ ಗೋಡೆಯುಂಟು, ಬಾಗಿಲಿಲ್ಲ. ಸೈನಿಕರ ರೈಫಲಿನಲ್ಲಾದರೋ ತೋಟಾ ಹಿಂದಿನಿಂದ ಸೇರತಕ್ಕದ್ದು. ಹಿಂದೆ ಬಾಗಿಲು ಬೇಕು, ಬಾಗಿಲಿಗೆ ಅಗುಳಿ ಬೇಕು. ಸಂಸ್ಕೃತದ ‘ಅರ್ಗಲ’ವೇ ಕನ್ನಡದ ‘ಅಗುಳಿ’. ಇಂಗ್ಲಿಷಿನಲ್ಲಿ ಬೋಲ್ಟ್ ಎಂಬುದಕ್ಕೆ ಇದಕ್ಕಿಂತ ಸಮರ್ಪಕವಾದ ಶಬ್ದವಿಲ್ಲ. ಅಗುಳಿಯಿಂದ ಹೊರಚಾಚಿ ಗಾಡಿಯಲ್ಲಿ ಸಿಕ್ಕಿಕೊಳ್ಳುವ ತುಂಡನ್ನು ‘ಕಿವಿ’ಯೆಂದೂ, ಅಗುಳಿಯನ್ನು ಒಳಗೊಂಡ ಉಕ್ಕಿನ ಒಡಲನ್ನು ‘ಅಗುಳಿಮನೆ’ಯೆಂದೂ ಇಲ್ಲಿ ಕರೆಯುವೆನು.

ಈಗ ಪೂರ್ವಪಕ್ಷವು: ಕಿವಿಗಳು ಮುಂದಿದ್ದರೆ ಬಂದೂಕು ಬಲವುಳ್ಳದ್ದು, ಹಿಂದಿದ್ದರೆ ದುರ್ಬಲ, ಆದುದರಿಂದ ಜರ್ಮನಿಯ ಮೌಸರ್ ಶ್ರೇಷ್ಠ, ಬ್ರಿಟಿಷರ ಲೀ ಕನಿಷ್ಠ ಎಂಬುದು.

ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. 1886ರ ಫ್ರೆಂಚ್ ಲೆಬೆಲಿನಲ್ಲಿಯೂ 1891ರ ರಷ್ಯದ ಮೋಸಿನ್‌ನಲ್ಲಿಯೂ ಎರಡು ಕಿವಿಗಳು ಅಗುಳಿಯ ತಲೆಯಲ್ಲಿಯೇ ಇವೆ. ತೋಟಾದ ಹಿಂದೊತ್ತು ಒಡನೆಯೇ ಅಗುಳಿಮನೆಗೆ ಸೇರುವುದು. ಆಸ್ಟ್ರಿಯದ 1886ರ ಮಾನ್ಲಿಖರ್ ಕರಿಮದ್ದಿನ ಬಂದೂಕು. ಅಗುಳಿಯ ಕೆಳಗೆ ಹಿಂಬದಿಯಲ್ಲಿ ಒಂದು ಬೆಣೆಯಿಂದ ಅದನ್ನು ಬಂಧಿಸುತ್ತಿದ್ದರು. ಹೊಗೆಯಿಲ್ಲದ ಮದ್ದು ಬಂದ ಮೇಲೆ 1895ರ ಮಾದರಿಯಲ್ಲಿ ಆ ಬೆಣೆಯನ್ನು ಬಿಟ್ಟು, ತಿರುಗುವ ತಲೆಗೆ ಮುಂದೆ ಎರಡು ಕಿವಿಗಳನ್ನಿಟ್ಟರು. 1898ರಲ್ಲಿ ಪಾಲ್ ಮೌಸರನು ಮುಂದಣ ಎರಡಕ್ಕೆ ಹಿಂದೆ ಮೂರನೆಯದೊಂದನ್ನು ಆಪತ್ತಿಗೆಂದು ಸೇರಿಸಿದ್ದಲ್ಲದೆ, ತೋಟಾ ಒಡೆದರೆ ಅನಿಲವು ಸಿಪಾಯಿಯ ಮುಖಕ್ಕೆ ಬಾರದೆ ಬೇರೆ ದಾರಿ ಹಿಡಿಯುವಂತೆ ರಂಧ್ರಗಳನ್ನೂ ಅಡ್ಡತಟ್ಟೆಯನ್ನೂ ಇಟ್ಟನು. ಬಲವೆಂದರೆ ಮುರಿಯದಿರುವುದು ಮಾತ್ರವಲ್ಲ, ಮುರಿದಾಗ ಕೊಲ್ಲದಿರುವುದೂ ಹೌದೆಂಬ ವಿವೇಕವು ಇಲ್ಲಿ ಕಾಣಬರುತ್ತದೆ.

1888ರ ಬ್ರಿಟಿಷ್ ಲೀ-ಮೆಟ್‌ಫರ್ಡಿನಲ್ಲಿ ಕಿವಿಗಳು ಹಿಂದುಗಡೆ ಇವೆ. ಗುಂಡು ಹಾರುವಾಗ ಉದ್ದವಾದ ಅಗುಳಿಯು ಕುಗ್ಗುವುದು, ಅಗುಳಿಮನೆಯು ಹಿಗ್ಗುವುದು, ತೋಟಾ ಅಷ್ಟು ಎಳೆಯುವುದು. ಈ ಬಂದೂಕು ಮೊದಲು ಒತ್ತಿ ಗಟ್ಟಿಮಾಡಿದ ಕರಿಮದ್ದಿನಿಂದಲೇ ಹಾರುತ್ತಿದ್ದು, ಬಳಿಕ ಕಾರ್ಡೈಟಿಗೆ ತಿರುಗಿತು. ಆಗ ಸೋತದ್ದು ಅಗುಳಿಯಲ್ಲ, ನಳಿಗೆ. ಕಾರ್ಡೈಟಿನ ಉರಿಯಲ್ಲಿ ಮೆಟ್‌ಫರ್ಡನ ಆಳವಿಲ್ಲದ ಸುರುಳಿಗೆರೆಗಳು ಬೇಗನೆ ಸವೆದವು. 1895ರಲ್ಲಿ ಎನ್‌ಫೀಲ್ಡಿನ ಆಳವಾದ ಗೆರೆಗಳು ಬಂದವು. ಆದರೆ ಅದೇ ಅಗುಳಿಯು ಎರಡು ಮಹಾಯುದ್ಧಗಳನ್ನು ದಾಟಿತು. 1960ರ ದಶಕದಲ್ಲಿ ಬಂಗಾಳದ ಇಚ್ಛಾಪುರದ ಕಾರ್ಖಾನೆಯು ಅಗುಳಿಯ ಬಗೆಯನ್ನು ಹಾಗೆಯೇ ಇರಿಸಿ, ಉಕ್ಕನ್ನು ಮಾತ್ರ ಉತ್ತಮಪಡಿಸಿ, 7.62 ಮಿಲಿಮೀಟರಿನ ತೋಟಾಕ್ಕೆ ಒಗ್ಗಿಸಿತು. ಹಿಂದಣ ಕಿವಿಯೇ ದೋಷವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇನ್ನು ಮುಂದಣ ಕಿವಿಯೇ ರಕ್ಷೆಯೆಂಬುದಕ್ಕೆ ಪ್ರತ್ಯುದಾಹರಣೆಗಳನ್ನು ಅಮೆರಿಕವು ಕೊಡುವುದು. 1892ರಲ್ಲಿ ಅವರು ಸ್ವೀಕರಿಸಿದ ಕ್ರಾಗ್ ಬಂದೂಕಿಗೆ ಮುಂದೆ ಒಂದೇ ಕಿವಿ. 1899ರಲ್ಲಿ ಮದ್ದಿನ ಬಲವನ್ನು ಹೆಚ್ಚಿಸಲಾಗಿ ಕಿವಿಗಳಲ್ಲಿ ಬಿರುಕು ಕಂಡು, ಆ ತೋಟಾಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮೌಸರನ ಮಾರ್ಗವನ್ನೇ ಅನುಸರಿಸಿದ 1903ರ ಸ್ಪ್ರಿಂಗ್‌ಫೀಲ್ಡಿನ ಕಥೆ ಇದಕ್ಕಿಂತ ಬೋಧಪ್ರದವಾದದ್ದು. ಅಲ್ಲಿ ಉಕ್ಕಿನ ಕಾವನ್ನು ಕೆಲಸಗಾರರು ಬಣ್ಣ ನೋಡಿ ಕಣ್ಣಳತೆಯಿಂದ ನಿರ್ಣಯಿಸುತ್ತಿದ್ದರು. ಹಗಲಿನ ಬೆಳಕು ಹೆಚ್ಚು ಕಡಿಮೆಯಾದಂತೆ ಕಾವೂ ತಪ್ಪುತ್ತಿತ್ತು. ಹೀಗೆ ಸುಟ್ಟ ಅಗುಳಿಮನೆಗಳು ಗಾಜಿನಂತೆ ಒಡೆದವು. 1918ರಲ್ಲಿ ಕ್ರಮವನ್ನು ತಿದ್ದಿದರು. 8,00,000ಕ್ಕಿಂತ ಕೆಳಗಿನ ಅಂಕೆಯುಳ್ಳ ಸ್ಪ್ರಿಂಗ್‌ಫೀಲ್ಡುಗಳು ಇಂದಿಗೂ ಶಂಕಾಸ್ಪದವೆನಿಸಿವೆ. ಇದಕ್ಕೆ ವಿರುದ್ಧವಾಗಿ, 1905ರ ಜಪಾನೀ ಅರಿಸಾಕವನ್ನು ಹಲವರು ಹೀನವೆಂದು ಬಗೆದಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಆಕ್ಲೆ ಎಂಬವನು ಹಲವು ಬಂದೂಕುಗಳಿಗೆ ಮಿತಿಮೀರಿದ ಮದ್ದನ್ನಿಟ್ಟು ಪರೀಕ್ಷಿಸಲು, ಅದೇ ಎಲ್ಲಕ್ಕಿಂತ ಹೆಚ್ಚು ತಡೆಯಿತು.

ಆದುದರಿಂದ ಸಿದ್ಧಾಂತವಿದು: ಬಂದೂಕಿನ ಬಲವು ಅದರ ಹೆಸರಿನಲ್ಲಿಲ್ಲ, ಕೇವಲ ಆಕಾರದಲ್ಲೂ ಇಲ್ಲ. ಅಗುಳಿಯ ಬಂಧ, ಲೋಹದ ಸಂಸ್ಕಾರ, ಮದ್ದಿನ ಸ್ವಭಾವ ಈ ಮೂರರ ಹೊಂದಿಕೆಯೇ ಬಲವು. ಇವುಗಳಲ್ಲಿ ಒಂದನ್ನು ಬದಲಿಸಿ ಉಳಿದೆರಡನ್ನು ನೋಡದವನು ಅನರ್ಥಕ್ಕೆ ಗುರಿಯಾಗುವನು.

ನಮ್ಮ ಸೀಮೆಯಲ್ಲಿ ಈ ಹೊಂದಿಕೆಯು ಕೇಪಿನ ಕಾಲದಲ್ಲಿಯೇ ನಿಂತುದಕ್ಕೆ ರಾಜಕೀಯ ಕಾರಣವೂ ಉಂಟು. 1857ರ ತರುವಾಯ ಸರಕಾರವು ಪ್ರಜೆಗಳ ಕೈಯ ಆಯುಧವನ್ನು ಶಂಕೆಯಿಂದ ನೋಡಿತು. 1878ರ ಆಯುಧಶಾಸನವು ಪರವಾನಿಗೆಯನ್ನು ವಿಧಿಸಿತು. ಸೈನ್ಯದಲ್ಲಿಯೂ ಭೇದವಿತ್ತು: 1897ರ ತೀರಾಹ್ ದಂಡಯಾತ್ರೆಯಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ಲೀ-ಮೆಟ್‌ಫರ್ಡ್, ಭಾರತೀಯರಿಗೆ ಹಳೆಯ ಮಾರ್ಟಿನಿ-ಹೆನ್ರಿ. ಹೊಸ ಮದ್ದು ದೂರದಲ್ಲಿ ತಯಾರಾಗುತ್ತಿತ್ತೆಂದಲ್ಲ. ಕನ್ನಡಕ್ಕೆ ಅತಿ ಸಮೀಪವಾದ ಬಡಗ ನುಡಿಯ ನೀಲಗಿರಿಯಲ್ಲಿ, ಅರುವಂಕಾಡಿನಲ್ಲಿ, 1903ರಲ್ಲಿಯೇ ಕಾರ್ಡೈಟಿನ ಕಾರ್ಖಾನೆ ಸ್ಥಾಪಿತವಾಯಿತು. ಇಚ್ಛಾಪುರದಲ್ಲಿ ಹಳೆಯ ಕರಿಮದ್ದಿನ ಕಾರ್ಖಾನೆಯಿದ್ದ ಎಡೆಯಲ್ಲಿಯೇ 1904ರಲ್ಲಿ ರೈಫಲಿನ ಕಾರ್ಖಾನೆಯಾಯಿತು. ಆದರೆ ಸೈನ್ಯದ .303 ತೋಟಾ ಸಾಮಾನ್ಯ ಪ್ರಜೆಗೆ ನಿಷಿದ್ಧ. 1959ರ ಶಾಸನವು ಹಳೆಯದರ ಸ್ಥಾನಕ್ಕೆ ಬಂದರೂ ಪರವಾನಿಗೆಯ ಪದ್ಧತಿ ಉಳಿಯಿತು. ಹೀಗಾಗಿ ಮಲೆನಾಡ ಕೋವಿಯು ಕರಿಮದ್ದಿಗೆ ತಕ್ಕ ನಳಿಗೆಯನ್ನೇ ಇಟ್ಟುಕೊಂಡಿತು. ಅದಕ್ಕೆ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಿಂದ ಹೊಯ್ದರೆ ನಳಿಗೆ ಬಿರಿಯುವುದು. ಮುಚ್ಚಿದ ಗೋಡೆಯೂ ಆಗ ಕಾಯಲಾರದು.

ಕೋಶಕಾರರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ‘ಮದ್ದು’ ಎಂಬಲ್ಲಿ ‘ಕರಿಮದ್ದು’, ‘ಹೊಗೆಯಿಲ್ಲದ ಮದ್ದು’ ಎಂದು ಎರಡು ಅರ್ಥಗಳನ್ನು ಬೇರೆಯಾಗಿ ಕೊಡಬೇಕು. ಲಾವಣಿಯಲ್ಲಿ ಕೋವಿಯ ಹೊಗೆ ರಣವನ್ನು ಮುಸುಕಿತೆಂದಿದ್ದರೆ ಅದು ಬರಿಯ ಅಲಂಕಾರವಲ್ಲ, ಕರಿಮದ್ದಿನ ಕಾಲದ ವಸ್ತುಸ್ಥಿತಿ. 1914ರ ಮಹಾಯುದ್ಧದ ಕಥೆಯಲ್ಲಿ ರೈಫಲಿಗೆ ಅದೇ ಹೊಗೆಯನ್ನು ಕಟ್ಟಿದರೆ ಕವಿಯು ಹಳೆಯ ಪರಿಪಾಟಿಯನ್ನು ಅನುಸರಿಸಿದನೆಂದು ತಿಳಿಯಬೇಕು. ಶಬ್ದದ ಹಿಂದಣ ವಸ್ತುವನ್ನು ಹೀಗೆ ಗುರುತಿಸಿದಲ್ಲಿ ಪಾಠವೂ ಶುದ್ಧವಾಗುವುದು. ಕೋವಿ ಹಿಡಿದ ಕೈಯೂ ಉಳಿಯುವುದು.